ಕುತ್ತಿಗೆಯ ಮೇಲಿನ ಬೆಳಕು

ರಾತ್ರಿ ಮಲಗಿದ ಮೇಲೆ ದಿಂಬಿನ ಪಕ್ಕದಲ್ಲಿ ಫೋನು ಟಿಣ್ ಎಂದಿತು. ಹಗಲಿನಲ್ಲಾಗಿದ್ದರೆ ನನಗೆ ಕೇಳಿಸುತ್ತಲೇ ಇರಲಿಲ್ಲ. ಸಂಬಂಧದ ಮಾತು ನಡೆಸುತ್ತಿದ್ದ ಪಾಂಡುರಂಗ ಕಾಕಾ ಒಂದು ಫೋಟೋ ಕಳಿಸಿದ್ದರು. ನನ್ನ ನಾದಿನಿ ಪ್ರಮಿತಾಳದು. ಚಿಂಚೋಳಿಯ ವರನ ಕಡೆಯವರಿಗೆ ತೋರಿಸಲೆಂದು ನಾನೇ ಅವರಿಗೆ ಕಳಿಸಿದ್ದ ಫೋಟೋ. ಈಗ ಅದರಲ್ಲಿ ಅವಳ ಕುತ್ತಿಗೆಯ ಎಡಕ್ಕೆ ಯಾರೋ ಬೆರಳಿನಿಂದ ಕೆಂಪು ಗೆರೆ ಸುತ್ತಿದ್ದರು. ಕೆಳಗೆ ಒಂದೇ ಸಾಲು: "ಅವರು ಕೇಳ್ಲಿಕತ್ತಾರ, ಇದೇನು?"

ಗೆರೆಯೊಳಗೆ ಎರಡು ಬಿಳಿ ವೃತ್ತಗಳಿದ್ದವು, ಒಂದು ಇನ್ನೊಂದರ ಮೇಲೆ ಅರ್ಧ ಏರಿ ಕೂತಂತೆ. ಫೋಟೋದ ಮೇಲಿನ ಮೂಲೆಯಲ್ಲಿ ಸಂಜೆಯ ಸೂರ್ಯ. ಅಲ್ಲಿಂದ ಓರೆಯಾಗಿ ಬೆಳಕಿನ ಗುಳ್ಳೆಗಳು ಸಾಲಾಗಿ ಇಳಿದುಬಂದು ಅವಳ ಕುತ್ತಿಗೆಗೆ ಬಂದು ನಿಂತಿದ್ದವು. ಮೊದಲ ಸಲ ನೋಡಿದಾಗ ನಾನು ಚಂದ ಎಂದುಕೊಂಡಿದ್ದೆ. ಈಗ ಆ ಕೆಂಪು ಗೆರೆಯೊಳಗೆ ನೋಡಿದರೆ ನನಗೂ ಅದು ಚರ್ಮದ ಮೇಲಿನ ಕಲೆಯಂತೆ ಕಾಣಿಸತೊಡಗಿತು. ಗಂಡನನ್ನು ಎಬ್ಬಿಸಲಿಲ್ಲ. ಬೆಳಗಾಗುವವರೆಗೆ ಆ ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡುತ್ತಿದ್ದೆ.

ಪ್ರಮಿತಾ ಚಿತ್ತಾಪುರದಿಂದ ದಿನಾ ರೈಲಿನಲ್ಲಿ ವಾಡಿಗೆ ಹೋಗಿ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ಬಂದ ಸಂಬಂಧಗಳ ಬಗ್ಗೆ ಅವಳು ಹೂಂ ಅಂದವಳೂ ಅಲ್ಲ, ಊಹೂಂ ಅಂದವಳೂ ಅಲ್ಲ. ಚಿಂಚೋಳಿಯ ಕಾಲೇಜಿನಲ್ಲಿ ಪಾಠ ಹೇಳುವ ಈ ಹುಡುಗನನ್ನು ಒಂದು ಮದುವೆಯಲ್ಲಿ ನೋಡಿ ಬಂದ ಮೇಲೆ ಮಾತ್ರ, ಬಟ್ಟೆ ಒಣಹಾಕುತ್ತಾ, ನನ್ನ ಕಡೆ ತಿರುಗದೆ, "ಈ ಹುಡುಗ ನಡೀತಾನ ವೈನಿ" ಎಂದಿದ್ದಳು. ಅಷ್ಟು ಹೇಳಿದ್ದು ನನಗೊಬ್ಬಳಿಗೇ.

ಬೆಳಿಗ್ಗೆ ಕಾಕಾನ ಫೋನು ಬಂತು. ಅವರು ಆ ಶಬ್ದ ಹೇಳಲಿಲ್ಲ. ಹೆಣ್ಣು ಕೊಡುವ, ತರುವ ಮಾತಿನಲ್ಲಿ ನಮ್ಮಲ್ಲಿ ಯಾರೂ ತೊನ್ನು ಎಂದು ಬಾಯಿ ಬಿಟ್ಟು ಅನ್ನುವುದಿಲ್ಲ.

"ಹುಡುಗಿಗೆ ಏನರ ಔಷಧ ನಡದದೇನವಾ?"

"ಯಾವ ಔಷಧ ಕಾಕಾ? ಅದು ಬೆಳಕ್ರಿ. ಸೂರ್ಯ ಕ್ಯಾಮೆರಾದ ಎದುರಿಗೆ ಬಂದ್ರ ಗಾಜಿನೊಳಗ ಬೆಳಕು ಹೊಕ್ಕು ಹಂಗ ಗುಳ್ಳಿ ಏಳ್ತಾವ."

"ಸೂರ್ಯ ಎಲ್ಲಾರಿಗೂ ಅವನೇ ಇದ್ದಾನಲ್ಲವಾ. ಹುಡುಗನ ಫೋಟೋದಾಗ ಯಾಕ ಏಳಲಿಲ್ಲ?"

"ಅದು ಸ್ಟುಡಿಯೋದೊಳಗ ನೀಲಿ ಪರದೆ ಮುಂದ ತಗದದ್ದು."

"ನೀವೂ ಪರದೆ ಮುಂದ ತಗಸ್ಬೇಕಿತ್ತು. ಮತ್ತ ಹಿಂದ ಮನಿ ಯಾಕ ಕಾಣವಲ್ದು? ಎಲ್ಲಾ ಅಂಬಲಿ ಕಲಿಸಿದಂಗ ಆಗ್ಯದ. ಮನಿ ತೋರಸ್ಲಿಕ್ಕೆ ನಾಚಿಕಿ ಏನು ಅಂತ ಹುಡುಗನ ತಾಯಿ ಕೇಳಿದ್ರು. ನಾ ಏನು ಹೇಳ್ಲಿ?"

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮ ಕಡೆ ಕನ್ಯೆಯ ಫೋಟೋ ಬಂದರೆ ಕನ್ಯೆಯನ್ನು ಆಮೇಲೆ ನೋಡುತ್ತಾರೆ. ಮೊದಲು ಹಿಂದಿನ ಬಾಗಿಲು, ನೆಲದ ಫರಸಿಯ ಹೊಳಪು, ಕಪಾಟು, ಫ್ರಿಜ್ಜು. ನಾನು ಶಹಾಬಾದಿನ ಫೋಟೋಗ್ರಾಫರ್ ಇಸಾಕನನ್ನು ಕರೆಸಿದ್ದೇ ಅವನ ಬ್ಲರ್ ನೋಡಿ. ನನ್ನ ಗೆಳತಿಯ ಮದುವೆಯ ಆಲ್ಬಮ್ಮಿನಲ್ಲಿ ಅವನು ಮುಖವೊಂದನ್ನೇ ಉಳಿಸಿ, ಹಿಂದಿನ ಕುರ್ಚಿ, ಬಕೀಟು, ಜನ ಎಲ್ಲವನ್ನೂ ಹೊಗೆ ಮಾಡಿಬಿಟ್ಟಿದ್ದ. ನಮ್ಮ ಅಂಗಳದಲ್ಲೂ ಹಾಗೇ ತೆಗೆದ. ತುಳಸಿಕಟ್ಟೆ ಹಸಿರು ಮಬ್ಬಾಯಿತು, ಹೋದ ವರ್ಷ ಕಟ್ಟಿಸಿದ ಗೋಡೆ ಬೂದು ಮಬ್ಬಾಯಿತು. ಇದ್ದ ಮನೆಯನ್ನು ನಾನೇ ಅಳಿಸಿ ಕಳಿಸಿದಂತಾಯಿತು.

ಅತ್ತೆ ಎಲ್ಲ ಕೇಳಿಸಿಕೊಂಡು ಧ್ವನಿ ತಗ್ಗಿಸಿದರು. "ಪ್ರಮಿ ಕಿವಿಗೆ ಬೀಳಬಾರ್ದು ನೋಡು. ಹುಡುಗಿ ಮನಸಿಗೆ ಹಚ್ಕೋತದ. ಕೇಳಿದ್ರ ಜಾತಕ ನೋಡ್ಲಿಕತ್ತಾರ ಅನ್ನು."

ನಾನು ಹೂಂ ಎಂದೆ. ಅದು ಸರಿಯೆಂದೇ ಅನಿಸಿತ್ತು.

ಹೊಸ ಸೀರೆಯ ನೆಪ ಮಾಡಿ ಭಾನುವಾರ ಪ್ರಮಿತಾಳನ್ನು ಪಡಸಾಲೆಯಲ್ಲಿ ನಿಲ್ಲಿಸಿದೆ. ನನ್ನ ಫೋನಿನಲ್ಲೇ, ಬ್ಲರ್ ಇಲ್ಲದೆ, ಫ್ರಿಜ್ಜು ಕಾಣುವ ಹಾಗೆ, ಸೆರಗನ್ನು ಸ್ವಲ್ಪ ಜಾರಿಸಿ ಕುತ್ತಿಗೆ ಕಾಣುವ ಹಾಗೆ ತೆಗೆದೆ.

"ಇಷ್ಟು ಫೋಟೋ ಯಾಕ ವೈನಿ? ಆಧಾರ್ ಕಾರ್ಡಿಗೇನು?" ಎಂದು ನಕ್ಕಳು.

ಆ ಫೋಟೋ ಕಳಿಸಿದ ಎರಡು ದಿನಕ್ಕೆ ಕಾಕಾ ಉತ್ತರ ತಂದರು. "ಈಗಿನ ಮೊಬೈಲ್ ಎಲ್ಲಾ ಕಲಿ ತಾನೇ ಅಳಸ್ತದಂತ. ಮೊದಲಿಂದ್ರಾಗ ಇದ್ದದ್ದು ಎರಡನೇದ್ರಾಗ ಇಲ್ಲಂದ್ರ ಅವರಿಗೆ ಇನ್ನಾ ಡೌಟು ಬಂದದ."

"ಹಂಗಾರ ಬಂದು ಕಣ್ಣಾರೆ ನೋಡ್ರಿ ಅನ್ರಿ."

"ನೋಡಿ ಬ್ಯಾಡ ಅನ್ನೋದಕ್ಕಿಂತ ನೋಡದೇ ಬಿಡೋದು ನಿಮಗೂ ಮರ್ಯಾದಿ, ಅವರಿಗೂ ಮರ್ಯಾದಿ ಅಂತಾರ."

ಕಲೆ ಕಾಣುವ ಫೋಟೋ ಸತ್ಯ, ಕಾಣದ ಫೋಟೋ ಮೋಸ, ಕಣ್ಣಾರೆ ನೋಡುವುದು ಅಮರ್ಯಾದೆ. ನಾನು ಮತ್ತೆ ಮತ್ತೆ ಫೋನು ಮಾಡಿ ಸೂರ್ಯ, ಗಾಜು, ಬೆಳಕು ಎಂದು ಹೇಳಿದೆ. ಹೇಳಿದಷ್ಟೂ ಏನೋ ಮುಚ್ಚಿಡುವವಳ ಧ್ವನಿಯಾಯಿತು ನನ್ನದು. ಕಲೆ ಇದ್ದರೇನಾಯಿತು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಇಸಾಕನ ಹತ್ತಿರ ಮೂಲ ಫೋಟೋ ಇರುತ್ತದೆ, ಅದರಿಂದ ಆ ಗುಳ್ಳೆ ಹೇಗೆ ಬಂತೆಂದು ಅವನ ಬಾಯಿಂದಲೇ ಕಾಕಾನಿಗೆ ಹೇಳಿಸಬಹುದು ಎನಿಸಿತು. ವಾಡಿಗೆ ಬಸ್ಸು, ಅಲ್ಲಿಂದ ಶಹಾಬಾದಿಗೆ ಟಂಟಂ ಆಟೋ. ಮೊಣಕಾಲಿನ ಮೇಲೆ ಯಾರದೋ ಅಕ್ಕಿಯ ಚೀಲವಿತ್ತು, ಬಾಯಲ್ಲಿ ಕಲ್ಲಿನ ಧೂಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ.

ಇಸಾಕ ನನ್ನ ಫೋನು ಇಸಿದುಕೊಂಡು ನೋಡಿದ. ನೋಡುತ್ತಿದ್ದಂತೆ ಮುಖ ಗಂಟು ಹಾಕಿದ.

"ನನ್ನ ಹೆಸರು ಯಾಕ ಕೆಡಸ್ತೀರಿ ಬಾಯಾರ? ಬ್ಲರ್ ನಂದು, ಒಪ್ತೀನಿ. ಬೇಕಂತ ನೀವೇ ಅಂದ್ರಿ. ಈ ಗುಳ್ಳಿ ನಂದಲ್ಲ."

"ಸೂರ್ಯ ಎದುರಿಗಿದ್ದ, ಅದಕ್ಕ..."

"ಎಲ್ಲಿ ಸೂರ್ಯ? ಅವತ್ತು ಮೋಡ ಇತ್ರಿ. ಬೆಳಕು ಸಾಲವಲ್ದು ಅಂತ ನಿಮ್ಮ ಕೈಯಾಗೇ ಬಿಳಿ ಥರ್ಮೋಕೋಲ್ ಕೊಟ್ಟು ಹಿಡೀರಿ ಅಂದಿಲ್ಲೇನು? ಕೈ ಸೋತ್ವು ಅಂತ ನೀವು ಬೈದ್ರಿ."

ಕಂಪ್ಯೂಟರಿನಲ್ಲಿ ಅದೇ ಫೋಟೋ ತೆರೆದ. ಅದೇ ನಗು, ಅದೇ ಹಸಿರು ಮಬ್ಬು. ಮೂಲೆಯಲ್ಲಿ ಸೂರ್ಯನಿಲ್ಲ, ಬರೀ ಬೂದು ಆಕಾಶ. ಕುತ್ತಿಗೆ ಸ್ವಚ್ಛವಾಗಿತ್ತು. ನಾನು ಕಾಕಾನಿಗೆ ಅಷ್ಟು ಸಲ ವಿವರಿಸಿದ ಸೂರ್ಯ ಆ ಸಂಜೆ ನಮ್ಮ ಅಂಗಳಕ್ಕೆ ಬಂದೇ ಇರಲಿಲ್ಲ. ಥರ್ಮೋಕೋಲ್ ಹಿಡಿದು ನಿಂತವಳು ನಾನು. ಎಲ್ಲವನ್ನೂ ಎರಡೆರಡು ಸಲ ನೋಡುವವಳು ಎಂದು ಮನೆಯಲ್ಲಿ ಹೆಸರಾದವಳು.

"ಮತ್ತ ಯಾರು ಹಾಕಿದ್ರು ಇದನ್ನ?"

"ನಾ ಹುಡುಗಿ ನಂಬರಿಗೆ ಕಳ್ಸೀನಿ. ಆಮ್ಯಾಲೆ ನಿಮ್ಮ ಮನಿ ವಿಚಾರ. ಮೊಬೈಲಿನಾಗ ಬೇಕಾದಲ್ಲಿ ಸೂರ್ಯನ್ನ ಮುಳುಗಸ್ತಾರ ಈಗ."

ಮೂಲ ಫೋಟೋವನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ವಾಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಕಾನಿಗೆ ಫೋನು ಮಾಡಿದೆ. ಖರೇ ಫೋಟೋ ಸಿಕ್ಕಿದೆ, ಅದರಲ್ಲಿ ಸೂರ್ಯನೂ ಇಲ್ಲ, ಗುಳ್ಳೆಯೂ ಇಲ್ಲ ಎಂದೆ.

"ಇಷ್ಟು ದಿನ ಸೂರ್ಯ ಸೂರ್ಯ ಅಂದಿ. ಈಗ ಸೂರ್ಯನೇ ಇಲ್ಲಂತಿ," ಎಂದರು ಕಾಕಾ. ಸಿಟ್ಟಿರಲಿಲ್ಲ, ದಣಿವಿತ್ತು. "ಬಿಡವಾ ಇನ್ನ. ಇವತ್ತು ಮುಂಜಾನೆ ಹುಡುಗಂದು ಸೇಡಂದವರ ಹುಡುಗಿ ಜೋಡಿ ಎಲಿ ಅಡಿಕಿ ಆತಂತ. ನಮ್ಮ ಪ್ರಮಿಗೆ ಇನ್ನೊಂದು ನೋಡೋಣ."

ಅಷ್ಟರಲ್ಲಿ ಚಿತ್ತಾಪುರದ ಬಸ್ಸು ಬಂತು. ಸೀಟು ಖಾಲಿಯಿದ್ದರೂ ನಾನು ಬಹಳ ದೂರ ನಿಂತೇ ಬಂದೆ.

ಮನೆಗೆ ಬಂದಾಗ ಪ್ರಮಿತಾ ಪಡಸಾಲೆಯಲ್ಲಿ ಫೋನು ಹಿಡಿದು ಕೂತಿದ್ದಳು. ತನ್ನ ಶಾಲೆಯ ಮಕ್ಕಳು ಸಾಲಾಗಿ ನಿಂತ ಫೋಟೋ. ಅವಳು ಬೆರಳಿನಿಂದ ಅದರ ಮೂಲೆಗೆ ಒಂದು ಸೂರ್ಯನನ್ನು ಎಳೆದು ತಂದು ಇಟ್ಟಳು. ಗುಳ್ಳೆಗಳು ಓರೆಯಾಗಿ ಇಳಿದು ಮಕ್ಕಳ ಮುಖದ ಮೇಲೆ ಹಾದುಹೋದವು.

"ಏನಿದು?" ಎಂದೆ. ಧ್ವನಿ ಸಹಜವಾಗಿರಲಿ ಎಂದು ಚಪ್ಪಲಿ ಬಿಡುತ್ತಾ ಕೇಳಿದೆ.

"ಚಂದ ಕಾಣ್ತದಲ್ಲ ವೈನಿ. ಇಲ್ಲಂದ್ರ ಬೋಳಬೋಳ ಅನಸ್ತದ. ಚಿಂಚೋಳಿಗೆ ಕಳಿಸಿದ್ರಾಗೂ ಹಾಕಿದ್ದೆ. ನೀವೇ ಅಂದಿದ್ರಿ, ಸಂಜಿ ಬೆಳಕು ಚಂದ ಬಿದ್ದದ ಅಂತ."

ಹೌದು, ಅಂದಿದ್ದೆ.

ಮೊದಲ ದಿನವೇ ಆ ಕೆಂಪು ಗೆರೆಯ ಫೋಟೋವನ್ನು ಅವಳ ಮುಂದೆ ಹಿಡಿದಿದ್ದರೆ ಅವಳು ನಕ್ಕು, "ಅಯ್ಯ, ಅದು ನಾ ಹಾಕಿದ್ದು" ಅನ್ನುತ್ತಿದ್ದಳು. ನೀರು ಕುಡಿಯುವಷ್ಟು ಹೊತ್ತಿನಲ್ಲಿ ಮೂಲ ಫೋಟೋ ಚಿಂಚೋಳಿಗೆ ಹೋಗುತ್ತಿತ್ತು. ನಾವು ಅವಳ ಮನಸ್ಸು ನೋಯದಿರಲಿ ಎಂದು ಅವಳೊಬ್ಬಳನ್ನು ಬಿಟ್ಟು ಎಲ್ಲರ ಜೊತೆ ಮಾತಾಡಿದೆವು.

"ಚಿಂಚೋಳಿಯವರು ಏನಂದ್ರು?" ಪ್ರಮಿತಾ ಫೋನಿನಿಂದ ಕಣ್ಣೆತ್ತದೆ ಕೇಳಿದಳು.

"ಸೇಡಂದಾಗ ಆತಂತ. ನಮ್ಮ ಜಾತಕ ಕೂಡಲಿಲ್ಲಂತ."

ಅವಳ ಬೆರಳು ಗಾಜಿನ ಮೇಲೆ ನಿಂತಿತು. "ಜಾತಕ ಮೊದಲೇ ನೋಡಿದ್ರಲ್ಲ, ಕೂಡಿತ್ತಲ್ಲ?"

"ಇನ್ನೊಮ್ಮೆ ನೋಡಿಸಿದ್ರಂತ."

"ಹೂಂ," ಎಂದಳು. ಎದ್ದು ಹೋಗಿ, ಒಣಗಿರದ ಬಟ್ಟೆಗಳನ್ನು ತಂತಿಯಿಂದ ತೆಗೆಯತೊಡಗಿದಳು.

ಅಡುಗೆಮನೆಯಲ್ಲಿ ಅತ್ತೆ ಕಾಯುತ್ತಿದ್ದರು. "ಏನಂದ ಶಹಾಬಾದದಾಂವ? ತಪ್ಪು ಒಪ್ಪಿಕೊಂಡ್ನೇನು?"

ಅವನ ತಪ್ಪಿಲ್ಲ ಎಂದರೆ ಮುಂದಿನ ಪ್ರಶ್ನೆ ಯಾರದೆಂಬುದು. ಅತ್ತೆ ಕೆಟ್ಟವರಲ್ಲ. ಆದರೆ ಮುಂದಿನ ಸಂಬಂಧ ತಪ್ಪಿದರೆ ಒಮ್ಮೆ ಅಂದಾರು, ಅದರ ಮುಂದಿನದು ತಪ್ಪಿದರೆ ಇನ್ನೊಮ್ಮೆ ಅಂದಾರು: ಆ ಕಲಿ ನಿನ್ನ ಕೈಯಿಂದ ನೀನೇ ಹಚ್ಚಿಕೊಂಡಿ. ಪ್ರಮಿತಾ ಅದನ್ನು ಕೇಳುತ್ತಾ ನಿಲ್ಲುವುದು ನನಗೆ ಈಗಲೇ ಕಾಣುತ್ತಿತ್ತು.

"ಕ್ಯಾಮೆರಾದಾಗ ಒಮ್ಮೊಮ್ಮೆ ಹಂಗ ಆಗ್ತದಂತ, ಅತ್ಯಾ. ಆ ಫೋಟೋ ಆರಿಸಿದಾಕಿ ನಾನೇ ಅಲ್ಲ?"

"ನಾ ಅವತ್ತೇ ಬಡಕೊಂಡೆ, ಪರದೆ ಮುಂದ ತಗಸು ಅಂತ."

ಅವರು ಹಾಗೆ ಹೇಳಿರಲಿಲ್ಲ. ನಾನು ತಿದ್ದಲಿಲ್ಲ. ಹಿಟ್ಟಿನ ಡಬ್ಬಿ ತೆಗೆದು ಪರಾತಕ್ಕೆ ಸುರಿಯುತ್ತಾ ನಿಶ್ಚಯಿಸಿದೆ: ಇಸಾಕನ ಅಂಗಡಿಯಲ್ಲಿ ಕಂಡದ್ದನ್ನು ಅತ್ತೆಗೆ ಹೇಳುವುದಿಲ್ಲ, ಗಂಡನಿಗೆ ಹೇಳುವುದಿಲ್ಲ, ಪ್ರಮಿತಾಳಿಗಂತೂ ಎಂದಿಗೂ ಇಲ್ಲ.