ತೊಳೆದ ಕೈ

ಎಲ್ಲರೂ ಅಕ್ಕಿ ಹಾಕಿಯಾಗಿತ್ತು. ಸಣ್ಣಸ್ವಾಮಿಯ ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಅಂಗಳದ ಚಾಪೆಯ ಮೇಲೆ ಹೆಂಡತಿ ಮುತ್ತಮ್ಮ ಮಲಗಿದ್ದಳು, ತುಟಿಯ ಮೇಲೆ ನೆಂಟರು ಹಾಕಿದ ಅಕ್ಕಿಕಾಳು. ಹೆಣ ಎತ್ತುವ ಮುಂಚೆ ಕೊನೆಯ ಅಕ್ಕಿ ಗಂಡನದು.

"ಹಾಕು ಸಣ್ಣಸ್ವಾಮಣ್ಣ, ಹೊತ್ತಾಯ್ತು," ಎಂದ ಪಕ್ಕದ ಹೊಲದ ಬೋಜಪ್ಪ.

"ನನ್ನ ಕೈಯಿಂದ ಬ್ಯಾಡ ಅಂತಿದ್ಲು. ಈಗ ಬ್ಯಾಡ ಅನ್ನಾಕೆ ಆಗಲ್ಲ ಅಂತ ತುರುಕ್ಲಾ?"

ಬೋಜಪ್ಪ ಚಟ್ಟ ಕಟ್ಟುವವರ ಕಡೆ ನಡೆದ.

*

ಮರೆವು ಮೊದಲು ಒಲೆಯ ಮೇಲಿನ ಹಾಲನ್ನು ಮರೆಸಿತು, ಆಮೇಲೆ ತವರಿನ ಹೆಸರನ್ನು, ಕೊನೆಗೆ ಗಂಡನನ್ನು. ಯಾರೋ ಗಂಡಸು ಒಳಗೆ ಬಂದವನೆ ಎಂದು ಕೂಗುತ್ತಿದ್ದಳು. ಎರಡು ವರ್ಷ ಅವನ ತುತ್ತಿಗೆ ಬಾಯಿ ಬಿಗಿದಳು. ನೆರೆಮನೆಯ ಯಮುನಾ ಬಂದು ಉಣ್ಣಿಸಬೇಕಿತ್ತು.

ರೋಗಿಗೆ ಉಣಿಸುವ ಮುಂಚೆ ಕೈ ಚೆನ್ನಾಗಿ ತೊಳೀರಿ ಎಂದು ಕುಶಾಲನಗರದ ಆಸ್ಪತ್ರೆಯಲ್ಲಿ ನರ್ಸಮ್ಮ ಒಮ್ಮೆ ಹೇಳಿದ್ದಳು. ಎರಡನೇ ಕ್ಲಾಸು ದಾಟದ ಸಣ್ಣಸ್ವಾಮಿಗೆ ಅದೇ ಕಾನೂನಾಯಿತು. ಪ್ರತಿ ಸಲವೂ ಸೋಪು ಹಚ್ಚಿ ಮೂರು ಸಾರಿ ತೊಳೆಯುತ್ತಿದ್ದ.

ಒಂದು ದಿನ ಶುಂಠಿ ಕೀಳುತ್ತಿದ್ದವನು ಅವಳ ಕೂಗು ಕೇಳಿ ಕೈ ತೊಳೆಯದೆ ಹಾಗೇ ಓಡಿಬಂದ. ಮುತ್ತಮ್ಮ ಅವನ ಮಣಿಕಟ್ಟು ಹಿಡಿದು, ಅಂಗೈಯನ್ನು ಮೂಗಿಗೆ ಒತ್ತಿಕೊಂಡಳು. ಬಿಡಲೇ ಇಲ್ಲ. "ಬಿಡೇ, ಮಣ್ಣದೆ, ಬಾಯಿಗೆ ಹೋದಾತು," ಎಂದು ಅವನೇ ಕಿತ್ತುಕೊಂಡು ತೊಳೆಯಲು ಹೋದ. ಹಾಲು ತರುವಷ್ಟರಲ್ಲಿ ಅವಳ ಬಾಯಿ ಮತ್ತೆ ಬಿಗಿದಿತ್ತು.

*

ಊದುಬತ್ತಿ ಚುಚ್ಚಿದ ಬಾಳೆಹಣ್ಣಿಗೆ ಸಣ್ಣ ನೊಣಗಳು ಮುತ್ತಿದ್ದವು. ಮುತ್ತಮ್ಮನ ತಲೆಯ ಹತ್ತಿರ ಕುಳಿತ ಮೊಮ್ಮಗಳು ವೀಣಾ ಅವನ್ನೇ ನೋಡುತ್ತಿದ್ದಳು. ಮೈಸೂರಿನ ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಆ ನೊಣ ಸಾಕುವುದು. ಗಾಜಿನ ಕೊಳವೆಯಲ್ಲಿ ಅವಕ್ಕೆ ಅಜ್ಜಿಯ ಕಾಯಿಲೆ ಬರಿಸಿ ನೋಡುತ್ತಾರೆ. ಎರಡು ತಿಂಗಳಲ್ಲಿ ನೊಣದ ಆಯಸ್ಸು ಮುಗಿಯುವುದರಿಂದ ಬಹಳ ಕಾಯಬೇಕಿಲ್ಲ. ನಮ್ಮನೇಲಿ ಪುಕ್ಕಟೆ ಅವೆ, ಹಿಡ್ಕೊಂಡೋಗು ಎಂದು ಬೋಜಪ್ಪ ಹಬ್ಬಹಬ್ಬಕ್ಕೂ ಚುಡಾಯಿಸುತ್ತಿದ್ದ. ಇವತ್ತು ಚುಡಾಯಿಸಲಿಲ್ಲ.

ಸಣ್ಣಸ್ವಾಮಿ ಅವಳ ಪಕ್ಕ ಕುಕ್ಕರಿಸಿದ. "ಮರೆವು ಬಂದ ನೊಣಕ್ಕೆ ಏನಾರ ಉಳೀತದಾ ಮಗಾ?"

"ಒಂದು ವಾಸನೆ ಜೊತೆ ಸಕ್ಕರೆ ಕೊಟ್ಟು ಕಲಿಸ್ತೀವಿ ತಾತ. ಆಮೇಲೆ ಬರೀ ವಾಸನೆ ಬಿಡ್ತೀವಿ. ಸುಮಾರು ಮರ್ತಿರ್ತವೆ. ಕೆಲವು ವಾಸನೆ ಕಡೆಗೆ ತಿರುಗ್ತವೆ."

"ಗುರುತು ಹಿಡಿದೇ ತಿರುಗ್ತವಾ?"

"ಅದು ನಂಗೊತ್ತಿಲ್ಲ. ನೊಣ ಹೇಳಲ್ವಲ್ಲ. ಯಾವ ಕಡೆ ತಿರುಗ್ತು ಅನ್ನೋದಷ್ಟೇ ಬರ್ಕೊತೀವಿ."

ಸಣ್ಣಸ್ವಾಮಿ ಕೈ ಮೂಸಿಕೊಂಡ. ಬೆಳಿಗ್ಗೆ ಅವನನ್ನೂ ಮೀಯಿಸಿದ್ದರು, ಬರೀ ಸೋಪಿನ ವಾಸನೆ.

"ಅವತ್ತು ತಿರುಗಿದ್ಲು ಕಣವ್ವ," ಎಂದ. "ನಾನೇ ಹೋಗಿ ತೊಳ್ಕೊಂಡೆ."

ಮುಷ್ಟಿಯ ಅಕ್ಕಿಯನ್ನು ವೀಣಾಳ ಅಂಗೈಗೆ ಸುರಿದು ಹಿತ್ತಲಾಚೆಯ ಹೊಲಕ್ಕೆ ಹೋದ. ಬರಿಗೈಯಲ್ಲಿ ಶುಂಠಿಯ ಒಂದು ಬುಡ ಕಿತ್ತು, ಗೆಡ್ಡೆ ಮುರಿದು ಎರಡೂ ಅಂಗೈಗೆ ತಿಕ್ಕಿಕೊಂಡ.

ಮಿಂದ ಮೇಲೆ ಮಣ್ಣು ಮುಟ್ಟಿದೆಯಲ್ಲ, ತೊಳ್ಕೊಂಡು ಬಾ ಎಂದಿತು ಯಾರದೋ ದನಿ. ಬೋಜಪ್ಪ ಕೈಯೆತ್ತಿ ತಡೆದ.

ಸಣ್ಣಸ್ವಾಮಿ ಅಕ್ಕಿ ಈಸಿಕೊಂಡ. ಬಾಯಿಗೆ ಹಾಕಲಿಲ್ಲ, ಮೊದಲು ಇನ್ನೊಂದು ಅಂಗೈಯನ್ನು ಮುತ್ತಮ್ಮನ ಮೂಗಿನ ಬಳಿ ಹಿಡಿದ. ಚಟ್ಟ ತಂದವರು ನಿಂತೇ ಇದ್ದರು. ಅವತ್ತು ಅವಳು ಹಿಡಿದಿದ್ದಷ್ಟು ಹೊತ್ತು ಹಿಡಿದಿದ್ದು, ಆಮೇಲೆ ಅಕ್ಕಿ ಬಿಟ್ಟ. ಕಾಳಿನ ಜೊತೆ ಚೂರು ಮಣ್ಣೂ ತುಟಿಯ ಮೇಲೆ ಬಿತ್ತು. ಅವನು ಒರೆಸಲಿಲ್ಲ.