ಅರ್ಧ ಉರಿ

ಮಹಮೂದಾಬೇಗಂ ಕತ್ತರಿ ಹಿಡಿದು ಕೂತೇಬಿಟ್ಟಳು. ಎದುರಿಗೆ ಮಣೆಯ ಮೇಲೆ, ಅವಳೇ ಕೈಯಾರೆ ಸುತ್ತಿದ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿತ್ತು. ಎಲ್ಲರೂ ಕಂಡ ಚೌಕದ ಟ್ರಾನ್ಸ್‌ಫಾರ್ಮರ್ ಅಲ್ಲ ಇದು. ಕೊಡ ಹೊರುವವರು ತಲೆಯ ಮೇಲಿಡುವ ಸಿಂಬಿಯ ಹಾಗೆ ದುಂಡಗೆ, ನಡುವೆ ತೂತು. ತಾಮ್ರದ ತಂತಿಯನ್ನು ಆ ತೂತಿನಲ್ಲಿ ತೂರಿಸಿ, ಎಳೆದು, ಮತ್ತೆ ತೂರಿಸಿ ಅವಳ ಬೆರಳ ತುದಿಗಳೆಲ್ಲ ಸೀಳಿದ್ದವು. ಈಗ ಅದನ್ನೆಲ್ಲ ಕತ್ತರಿಸಿ ಬಿಚ್ಚುವುದೊಂದೇ ಉಳಿದಿತ್ತು.

"ತಡಿ, ಅವಸರ ಮಾಡಬ್ಯಾಡ," ಎಂದ ಗಂಡ ಶಾಬುದ್ದೀನ. ರಾಣೆಬೆನ್ನೂರಿನ ಆ ಓಣಿಯಲ್ಲಿ ರೇಡಿಯೊ ರಿಪೇರಿ ಎಂದರೆ ಅವನೇ.

"ತಡದು ಏನ್ಮಾಡ್ಲಿ? ನಾಳೆ ಜಟ್ಟೆಪ್ಪಾರು ಬಂದು ನಿಂದರ್ತಾರ."

ಜಟ್ಟೆಪ್ಪ ನಾಟಕ ಕಂಪನಿಯ ಮಾಲೀಕ. ಬ್ಯಾಡಗಿಯಲ್ಲಿ ಕ್ಯಾಂಪು ಹಾಕಿದ್ದ; ಮೈಕಿನ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. "ಇದನ್ನ ಸುತ್ತಾಕಿ ನಮ್ಮಾಕೀರಿ," ಎಂದು ಶಾಬುದ್ದೀನ ಹೆಮ್ಮೆಯಿಂದ ಹೇಳಿದ್ದೇ ತಡ, ಜಟ್ಟೆಪ್ಪ ಹೊಟ್ಟೆ ಕುಣಿಸಿ ನಕ್ಕಿದ್ದ. "ಹೆಣ್ಮಕ್ಕಳ ಕಸೂತಿ ಅಂದ್ಕೊಂಡೀರೇನ್ರಿ? ನಮ್ಮ ನಾಯಕಿ ಅಳೂ ಮುಂದ ಗುಂಯ್ ಅಂತಂದ್ರ ಮಂದಿ ನಗತಾರ. ಹಂಗೇನರ ಆದ್ರ ಹುಬ್ಬಳ್ಳಿಯಿಂದ ತರಸಾಂವ ನೋಡ್ರಿ ನಾ." ಆ ನಗು ಅವಳಿಗೆ ಊಟದಲ್ಲಿ ಕಲ್ಲು ಸಿಕ್ಕಂತಾಗಿತ್ತು. ಇಷ್ಟು ವರ್ಷ ಗಂಡನ ಹೆಸರಿನಲ್ಲಿ ಹೋದ ಕೆಲಸ, ಮೊದಲ ಸಲ ಅವಳ ಹೆಸರಿನಲ್ಲಿ ಹೋಗುವುದಿತ್ತು.

ಆ ಗುಂಯ್ ನಿಲ್ಲಿಸಲು ಅವಳು ಮಾಡದ್ದೇನು? ನಡುವಿನ ಬೋಲ್ಟು ಬಿಗಿದಳು, ಅಡಿಗೆ ರಬ್ಬರು ಹಾಸಿದಳು, ವಾರ್ನಿಶ್ಶಿನಲ್ಲಿ ಅದ್ದಿ ಬಿಸಿಲಿಗಿಟ್ಟಳು. ಹಾಳಾದದ್ದು, ಒಮ್ಮೆ ಸುಮ್ಮನಿರುತ್ತದೆ, ಇನ್ನೇನು ಗೆದ್ದೆ ಎನ್ನುವಾಗ ಮತ್ತೆ ಶುರು.

ಕತ್ತರಿಸುವ ಮುಂಚೆ ಪ್ಲಗ್ಗು ಕೀಳಲು ಅವಳು ಕೈ ಚಾಚಿದಳು. ಗುಂಯ್ ಎನ್ನುವುದು ತಟ್ಟನೆ ನಿಂತಿತು.

ಕರೆಂಟು ಹೋಯಿತೇ ಎಂದು ನೋಡಿದರೆ ಬಲ್ಬು ಉರಿಯುತ್ತಲೇ ಇದೆ! ಅಷ್ಟರಲ್ಲಿ ಗೋಡೆಯಾಚೆಯಿಂದ ಮುದುಕಿ ಫಕ್ಕೀರವ್ವನ ದನಿ. "ಮಹಮೂದಾ, ಒಲಿ ಆರಿಸೀನಿ, ಹಾಲು ಒಯ್ಯ ಬಾ."

ಶಾಬುದ್ದೀನನ ಮುಖ ಬಿಳಿಚಿಕೊಂಡಿತು. "ಯಾ ಅಲ್ಲಾ, ಅರ್ಧ ಉರಿ!"

ತನ್ನ ಕರೆಂಟಿನ ಒಲೆಯ ಮೇಲೆ ಹಾಲು ಉಕ್ಕಿ ಹೋಗುತ್ತದೆಂದು ಮುದುಕಿ ಗೋಳಾಡಿದಾಗ, ಒಂದು ಸಣ್ಣ ಡೈಯೋಡು, ಒಂದು ಸ್ವಿಚ್ಚು ಹಾಕಿಕೊಟ್ಟವನು ಇವನೇ. ಒತ್ತಿದರೆ ಅರ್ಧ ಉರಿ. ಮುದುಕಿ ಹೊಗಳಿದ್ದೇ ಹೊಗಳಿದ್ದು, ಓಣಿಯ ಎಷ್ಟೋ ಒಲೆಗಳಿಗೆ ಅದು ಬಂತು. ಕರೆಂಟು ಅತ್ತಿತ್ತ ಜೀಕುತ್ತದೆ. ಡೈಯೋಡು ಒಂದೇ ಕಡೆಯ ಜೀಕನ್ನು ಬಿಡುತ್ತದೆ. ಆಗ ಓಣಿಯ ಕರೆಂಟೇ ಒಂದು ಮಗ್ಗುಲಿಗೆ ವಾಲುತ್ತದೆ. ಚೌಕದ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದಲ್ಲಿ ಸಂದುಗಳಿರುತ್ತವೆ, ತಡೆದುಕೊಳ್ಳುತ್ತದೆ. ಸಂದೇ ಇಲ್ಲದ ಸಿಂಬಿ ತಡೆದುಕೊಳ್ಳದೆ ಗುಂಯ್ ಎನ್ನುತ್ತದೆ.

"ಅವ್ವಾರ, ಒಲಿ ಹಚ್ರಿ!" ಮಹಮೂದಾ ಗೋಡೆಯತ್ತ ಕೂಗಿದಳು.

"ಹಾಲು ಕಾದಾವಲ್ಲ ತಂಗಿ."

"ನೀರರ ಇಡ್ರಿ! ಅರ್ಧ ಉರಿ ಮ್ಯಾಲ!"

ಗುಂಯ್.

"ಆರಸ್ರಿ!"

ಸದ್ದಿಲ್ಲ.

"ಹಚ್ರಿ ಮತ್ತ!"

"ಗಂಡ ಹೆಂಡ್ತಿಗೆ ಹುಚ್ಚು ಹಿಡದೈತೇನ?" ಎಂದು ಬೈಯುತ್ತಲೇ ಫಕ್ಕೀರವ್ವ ಸ್ವಿಚ್ಚು ಒತ್ತಿದಳು.

ಮಹಮೂದಾ ಸಿಂಬಿಯ ಮೇಲೆ ಅಂಗೈ ಇಟ್ಟಳು. ಮೈಯೆಲ್ಲ ಜುಂ ಎಂದಿತು. ಗೋಡೆಯಾಚೆ ಮುದುಕಿಯೊಬ್ಬಳು ಒಲೆ ಹಚ್ಚಿದರೆ ಇಲ್ಲಿ ಇದಕ್ಕೆ ಗೊತ್ತಾಗುತ್ತದಲ್ಲ! ಓಣಿಯ ಯಾವ ಮನೆಯಲ್ಲಿ ಹಾಲು ಕಾಯುತ್ತಿದೆ ಎನ್ನುವುದೂ ತಿಳಿಯುವಂಥದ್ದನ್ನು ತಾನು ಸುತ್ತಿದೆನೇ? ಹೆದರಿಕೆಯೋ ಸಂತೋಷವೋ, ಅವಳ ಕಣ್ಣು ತುಂಬಿತು.

"ನನ್ನ ಸುತ್ತು ತಪ್ಪಿಲ್ಲರಿ," ಎಂದಳು.

"ಖರೇ, ತಪ್ಪಿಲ್ಲ. ಬ್ಯಾಡಗಿಯಾಗೂ ಇಂಥಾ ಒಲಿ ಎಷ್ಟ ಅದಾವೋ. ಎಲ್ಲಾರ ಮನಿಗೆ ಹೋಗಿ ಆರಸ್ರಿ ಅನ್ನಾಕ ಆಗತೈತೇನು? ಇದಕ್ಕ ಕಾವಲು ಇಡೋಣು." ಶಾಬುದ್ದೀನ ಎರಡು ದೊಡ್ಡ ಕೆಪಾಸಿಟರ್ ಹುಡುಕಿ ತೆಗೆದ. ವಾಲಿದ ಕರೆಂಟು ಒಳಗೆ ಬಾರದಂತೆ ಸಿಂಬಿಯ ದಾರಿಗೆ ಅವನ್ನು ಬೆಸೆದ. ಗೋಡೆಯಾಚೆ ನೀರು ಕುದಿಯುತ್ತಲೇ ಇತ್ತು. ಸಿಂಬಿ ಪಿಟ್ಟೆನ್ನಲಿಲ್ಲ.

ಮರುದಿನ ಜಟ್ಟೆಪ್ಪ ಸಿಂಬಿ ಕೂಡಿಸಿದ ಆಂಪ್ಲಿಫೈಯರನ್ನು ಒಯ್ದ. ಬ್ಯಾಡಗಿಯ ಸಂಜೆಯ ಆಟಕ್ಕೆ ಮಹಮೂದಾ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಳು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದ ಹೆಂಗಸರು ಸೀನುತ್ತ, ಕೆಮ್ಮುತ್ತ ಕಿಕ್ಕಿರಿದಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಪಾರ್ಟು. ನಾಯಕಿ ಅತ್ತಳು, ಅಳುತ್ತ ಅಳುತ್ತ ಮಾತೇ ಬಿಟ್ಟಳು. ಕೆಮ್ಮು ನಿಂತಿತು. ಜಟ್ಟೆಪ್ಪ ಪಕ್ಕದ ಪರದೆಯಿಂದ ಹೊರಬಂದು, ಗುಂಯ್ ಎನ್ನುತ್ತದೇನೋ ಎಂದು ಸ್ಪೀಕರಿಗೆ ಕಿವಿ ಕೊಟ್ಟ. ಗುಂಯ್ ಇಲ್ಲ. ಆಮೇಲೆ ತಲೆಯೆತ್ತಿ, ಹೆಂಗಸರ ಸಾಲುಗಳ ಮೇಲೆ ಕಣ್ಣಾಡಿಸುತ್ತ ಯಾರನ್ನೋ ಹುಡುಕತೊಡಗಿದ.

ಪಕ್ಕದ ಹೆಂಗಸು ಮಹಮೂದಾಳ ಮೊಣಕೈ ತಿವಿದಳು. "ಯಾಕಬೇ, ಮಾತೇ ಬರವಲ್ದಲ್ಲ, ಮೈಕು ಕೆಟ್ಟೈತೇನು?"

"ಶ್," ಎಂದಳು ಮಹಮೂದಾ. "ಕೇಳ್ರಿ."

ನಾಯಕಿ ಉಸಿರು ಎಳೆದುಕೊಂಡದ್ದು ಕೊನೆಯ ಸಾಲಿನವರೆಗೂ ಬಂತು.