ಹತ್ತನೆಯ ನಡೆಯವರೆಗೆ

ಹೆಂಡತಿ ತೀರಿಕೊಂಡ ಐದು ತಿಂಗಳ ಮೇಲೆ ಅವಳ ನೋಟ್‌ಪುಸ್ತಕಗಳನ್ನು ಹೊರತೆಗೆದೆ. ಒಟ್ಟು ಹನ್ನೊಂದು. ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ, ನಾನೂ ಅವಳ ಅಣ್ಣನೂ ಆಡುತ್ತಿದ್ದ ಚದುರಂಗದ ನಡೆಗಳನ್ನು ಅವಳು ಪಕ್ಕದಲ್ಲಿ ಕುಳಿತು ಬರೆದಿಡುತ್ತಿದ್ದಳು. ಪುಟದ ಕೊನೆಯಲ್ಲಿ ‘ಗೆದ್ದವರು’ ಎಂದು ಬರೆದು ಎದುರಿಗೆ ಹೆಸರು. ಎಲ್ಲಿ ತೆರೆದರೂ ಅಲ್ಲಿದ್ದುದು ‘ಅಣ್ಣ’.

“ಒಂದು ಸಲ ಆದ್ರೂ ‘ಇವರು’ ಅಂತ ಬರೀಬೇಕು ರೀ. ನನ್ನ ಕೈಗೂ ಬೇಜಾರಾಗಿದೆ,” ಎಂದು ಆಸ್ಪತ್ರೆಯ ಹಾಸಿಗೆಯಲ್ಲೂ ತಮಾಷೆ ಮಾಡಿದ್ದಳು.

ಭಾವ ಗಡಿಯಾರ ರಿಪೇರಿ ಮಾಡಿ ಬದುಕಿದವರು. ಅವರ ಕಣ್ಣು ಮಸಕಾಗುತ್ತ ಬಂದಿತ್ತು. ಎರಡು ತಿಂಗಳಲ್ಲಿ ಏನೂ ಕಾಣದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಒಂದಾಟ ಗೆದ್ದು ಆ ಒಂದು ಮಾತು ಬರೆಯಬೇಕು. ದೇವರಲ್ಲಿ ಬೇಡಲು ನನಗೆ ಬೇರೇನೂ ಉಳಿದಿರಲಿಲ್ಲ.

ನಾನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು. ತಪ್ಪು ಹುಡುಕಿ ಅಭ್ಯಾಸ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಮಣೆಯ ಮೇಲೆ ಕಾಯಿ ಹೂಡಿ, ಹಳೆಯ ಆಟಗಳನ್ನು ಒಂದೊಂದಾಗಿ ಆಡಿ ನೋಡಿದೆ. ಮೂರನೆಯ ವಾರ ತಪ್ಪು ಸಿಕ್ಕಿತು. ಪ್ರತಿಸಲವೂ ಮೂರನೆಯ ನಡೆಗೇ ಮಂತ್ರಿಯನ್ನು ಹೊರಗೆ ತರುತ್ತಿದ್ದೆ. ಭಾವನ ಕುದುರೆಗಳು ಅದನ್ನು ಅಟ್ಟಾಡಿಸುತ್ತಿದ್ದವು. ಅದು ಓಡುವುದರಲ್ಲೇ ನನ್ನ ಉಳಿದ ಕಾಯಿಗಳು ಕುಳಿತಲ್ಲೇ ಕುಳಿತಿರುತ್ತಿದ್ದವು.

ಹತ್ತನೆಯ ನಡೆಗೆ ಅವಳ ಬರಹ ನಿಲ್ಲುತ್ತಿತ್ತು. ಆಗ ಅವಳು ಚಹಾಕ್ಕೆ ನೀರಿಡಲು ಏಳುತ್ತಿದ್ದಳು. ಆಮೇಲೆ ಬಂದು ಗೆದ್ದವರ ಹೆಸರು ಮಾತ್ರ ಬರೆಯುತ್ತಿದ್ದಳು. ಆರಂಭ ನೆಟ್ಟಗಾದರೆ ಮುಂದಿನದು ತಾನಾಗಿ ಸರಿಹೋದೀತು ಎಂದುಕೊಂಡೆ.

ಭಾನುವಾರ ಭಾವನನ್ನು ಅವರ ಮಗಳು ಕೈಹಿಡಿದು ತಂದು ಕೂರಿಸಿ ಹೋದಳು.

“ಏನು, ನಿಮ್ಮ ಮಂತ್ರಿಗೆ ಜ್ವರವಾ? ಹೊರಗೇ ಬರ್ತಿಲ್ಲ!”

“ನೀವು ಆಡಿ ಭಾವ.”

“ಆಡ್ತೀನಪ್ಪಾ. ಮುಟ್ಟಿ ನೋಡೋಕಾದ್ರೂ ಬಿಡಿ.” ಗಡಿಯಾರದ ಹಲ್ಲುಚಕ್ರ ತಡವುವಂತೆ ಅವರ ಬೆರಳು ಕಾಯಿಗಳ ಮೇಲೆ ಹರಿದಾಡಿತು.

ಒಂಬತ್ತನೆಯ ನಡೆಗೆ ಅವರ ಒಂಟೆ ನನಗೆ ಪುಕ್ಕಟೆ ಸಿಕ್ಕಿತು. “ಅಬ್ಬಾ, ಎಲ್ಲಿ ಕಲಿತ್ರಿ?” ಎಂದರು. ಹತ್ತನೆಯ ನಡೆ ಮುಗಿಯಿತು. ಇಬ್ಬರ ಕೈಯೂ ನಿಂತಿತು. ಇಬ್ಬರೂ ಅಡುಗೆಮನೆಯ ಕಡೆ ತಿರುಗಿದೆವು.

“ಈಗ ಕುರ್ಚಿ ಸದ್ದಾಗ್ತಿತ್ತು,” ಎಂದರು ಭಾವ.

ಮಣೆಯನ್ನು ನೋಡಿದೆ. ಹೆಚ್ಚಿನ ಒಂಟೆ ಇದ್ದವನು ಮುಂದೇನು ಮಾಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಈ ಹೊತ್ತಿಗೆ ನಾನು ಯಾವಾಗಲೂ ಓಡುತ್ತಿದ್ದವನು. ಪುಸ್ತಕದಲ್ಲಿ ಇಲ್ಲಿಂದ ಮುಂದೆ ಅಕ್ಷರವಿರಲಿಲ್ಲ. ಹದಿನಾಲ್ಕನೆಯದಕ್ಕೆ ಒಂಟೆ ಹೋಯಿತು, ಇಪ್ಪತ್ತಕ್ಕೆ ಆನೆ. ಇಪ್ಪತ್ತೇಳನೆಯದಕ್ಕೆ ಭಾವ ಮೆಲ್ಲಗೆ, “ರಾಜನಿಗೆ ದಾರಿ ಇದೆಯಾ, ನೋಡಿ,” ಎಂದರು.

ಇರಲಿಲ್ಲ.

“ನೀವೇ ಗೆದ್ರಿ ಅಂತ ಬರೆದುಬಿಡಿ. ನನಗಂತೂ ಕಾಣಲ್ಲ.”

“ಅವಳಿಗೆ ಕಾಣುತ್ತೆ ಭಾವ.”

ನಾನು ಅವಳ ಪುಸ್ತಕ ತೆರೆದು ‘ಅಣ್ಣ’ ಎಂದು ಬರೆದೆ.

“ಮುಂದಿನ ಭಾನುವಾರ?” ಎಂದು ಕೇಳಿದೆ.

“ಕುದುರೆ ಯಾವುದು, ಆನೆ ಯಾವುದು ಅಂತ ಬೆರಳು ಹೇಳುತ್ತೆ. ಕಪ್ಪು ಬಿಳುಪು ಹೇಳಲ್ವಲ್ಲ. ಇವತ್ತು ಅರ್ಧ ಆಟ ನೆನಪಿನ ಮೇಲೇ ಆಡಿದೆ. ಸಾಕಪ್ಪಾ.”

ಈಗಲೂ ಬೆಳಿಗ್ಗೆ ಪ್ರಾರ್ಥನೆಗೆ ಕೂರುತ್ತೇನೆ. ಬೇಡಲು ಏನೂ ಇಲ್ಲ.